ನೆರಳು ಮುಂದಿದ್ದರೆ ದಾರಿ ಸರಿ

ಆ ದಿನ ನೀರಿನ ಲಾರಿ ಐದೂವರೆಗೇ ಬಂತು. ವೇಲಚೇರಿಯ ನಮ್ಮ ಬೀದಿಯಲ್ಲಿ ಮಳೆ ಬಂದ ವರ್ಷ ಮೊಣಕಾಲುದ್ದ ನೀರು, ಬಾರದ ವರ್ಷ ಕಾಫಿಗೆ ಬೇಕಾದಷ್ಟೂ ಇಲ್ಲ. ಅದು ಬಾರದ ವರ್ಷ. ಬಾಗಿಲ ಬಳಿ ಜೋಡಿಸಿಟ್ಟಿದ್ದ ಪ್ಲಾಸ್ಟಿಕ್ ಕೊಡಗಳನ್ನು ಎರಡೆರಡಾಗಿ ಹಿಡಿದು ಇಳಿದೆ. ಹಸಿರು ಕೊಡಗಳು ನಮ್ಮವು, ಕೆಂಪು ಎದುರು ಮನೆಯ ಮಾಮಿಯವು. ಮಾಮಿಗೆ ಮಂಡಿನೋವು. ಬರಿಗೈಯಲ್ಲಿ ಮೆಟ್ಟಿಲು ಇಳಿಯುತ್ತಾರೆ, ತುಂಬಿದ ಕೊಡ ಹೊತ್ತು ಹತ್ತಲಾರರು. ಅವರು ಸಾಲಿನಲ್ಲಿ ಜಾಗ ಹಿಡಿಯುವುದು, ನಾನು ಹೊರುವುದು, ಇದು ಯಾರೂ ಬಾಯಿಬಿಟ್ಟು ಆಡದೆ ಆದ ಏರ್ಪಾಡು.

"ಏನ್ಮಾ, ಕಾಲಿನ ಕೊಪ್ಪುಳ ಆರಿತಾ?" ಎಂದರು ಮಾಮಿ, ಲಾರಿಯ ರಬ್ಬರ್ ಕೊಳವೆಯನ್ನು ನನ್ನ ಕೊಡಕ್ಕೆ ತಿರುಗಿಸುತ್ತ.

ಕೊಪ್ಪುಳವೆಂದರೆ ಬೊಬ್ಬೆ ಎಂದು ಅವರ ಕಣ್ಣು ನನ್ನ ಹಿಮ್ಮಡಿಯ ಮೇಲಿದ್ದುದರಿಂದ ತಿಳಿಯಿತು. "ಆರಿದೆ ಮಾಮಿ, ಸಿಪ್ಪೆ ಎದ್ದಿದೆ," ಎಂದೆ.

ಮಾಮಿಯದೂ ಕನ್ನಡದ ಮನೆಯೇ. ಅವರ ಅಜ್ಜ ಯಾವ ಕಾಲಕ್ಕೋ ಮೈಸೂರು ಸೀಮೆ ಬಿಟ್ಟು ತ್ರಿಪ್ಲಿಕೇನ್‌ಗೆ ಬಂದು ಗುಮಾಸ್ತರಾದವರಂತೆ. ಮೂರು ತಲೆಮಾರಿನಲ್ಲಿ ಮನೆಯ ಮಾತಿಗೆ ಎಷ್ಟು ತಮಿಳು ಬೆರೆತಿದೆಯೆಂದರೆ, ಮೊದಲ ಸಲ ಕೇಳಿದಾಗ ನಾವು ಬಾಗಿಲು ಹಾಕಿಕೊಂಡು ನಕ್ಕಿದ್ದೆವು. ಅದು ಕನ್ನಡವೇ ಅಲ್ಲ ಎಂದು ನಾನೇ ತೀರ್ಪು ಕೊಟ್ಟಿದ್ದೆ. ಚೆನ್ನೈಗೆ ಬಂದು ಮೂರು ವರ್ಷವಾದರೂ ಮಾಮಿಯ ಜೊತೆ ನನ್ನ ಮಾತು ಕೊಡ, ಕೊತ್ತಂಬರಿ, ಮಂಡಿನೋವು ಇಷ್ಟರಲ್ಲೇ ಮುಗಿಯುತ್ತಿತ್ತು.

ಮೇಲೆ ಬಂದು ಹಾಲು ಕಾಯಿಸಿದೆ. ಉಪ್ಪಿಟ್ಟಿಗೆ ರವೆ ಹುರಿದೆ. ನಾಲ್ಕನೇ ಕ್ಲಾಸಿನ ಮಗಳು ಜಡೆ ಹಾಕಿಸಿಕೊಳ್ಳುತ್ತ ಪುಸ್ತಕ ಓದುತ್ತಿದ್ದಳು. "ಮಧ್ಯಾಹ್ನಕ್ಕೆ ಚಿತ್ರಾನ್ನ ಹಾಕಲೇನೇ?" ಎಂದರೆ "ಏದಾವದು ಪೋಡು ಮಾ" ಎಂದಳು, ತಲೆ ಎತ್ತದೆ. ಏನಾದರೂ ಹಾಕು ಎಂದು. ಕನ್ನಡ ಅವಳ ಕಿವಿಗೆ ಹೋಗುತ್ತದೆ, ಬಾಯಿಂದ ಬರುವುದಿಲ್ಲ.

ನಮ್ಮವರು ಶೂ ಹಾಕಿಕೊಳ್ಳುವಾಗ ನೆನಪಿಸಿದರು. "ಸ್ಟುಡಿಯೋದವನು ಇವತ್ತು ಫೋಟೋ ಕೊಡ್ತೀನಿ ಅಂದಿದಾನಲ್ಲ, ಹೋಗಿ ತಂದಿಡು. ನೀವಿಬ್ಬರೂ ಏನೇನು ಘನಂದಾರಿ ಕೆಲಸ ಮಾಡಿಬಂದಿದೀರಿ, ಸಂಜೆ ನೋಡೋಣ. ರೋಡು ದಾಟುವಾಗ ಜೋಪಾನ."

ನೀವಿಬ್ಬರೂ. ಒಂದು ತಿಂಗಳಿಂದ ನಾನು ಸಾಕಿಕೊಂಡು ಬಂದಿದ್ದ ಸುಳ್ಳು ಅದರಲ್ಲೇ ಇತ್ತು.

ನಾನು ನಡೆದು ಬಂದದ್ದು ಸ್ಪೇನ್ ದೇಶದಲ್ಲಿ. ಯೇಸುವಿನ ಶಿಷ್ಯರೊಬ್ಬರ ಸಮಾಧಿಯಿರುವ ಸಾಂತಿಯಾಗೋ ಎಂಬ ಊರಿಗೆ ಜನ ನೂರಾರು ವರ್ಷಗಳಿಂದ ಕಾಲ್ನಡಿಗೆಯಲ್ಲಿ ಹೋಗುತ್ತಾರೆ, ನಮ್ಮಲ್ಲಿ ಪಳನಿಗೋ ತಿರುಪತಿಗೋ ಹೋಗುವಂತೆ. ವಿಭೂತಿ ಹಚ್ಚುವ ಮನೆಯ ಹೆಂಗಸಿಗೆ ಅಲ್ಲೇನು ಕೆಲಸ ಎಂದು ನಮ್ಮ ಕಡೆಯವರು ಕೇಳಿದ್ದುಂಟು. ಕೆಲಸ ನನ್ನದಲ್ಲ, ನನ್ನ ಗೆಳತಿಯದು. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವಳು, ಮಂಗಳೂರಿನ ಕಡೆಯ ಕ್ರೈಸ್ತರ ಹುಡುಗಿ. ಈಗ ಜರ್ಮನಿಯಲ್ಲಿ ನರ್ಸ್. ಅವಳ ತಾಯಿ ದೊಡ್ಡ ಆಪರೇಷನ್ ಆಗಿ ಉಳಿದಾಗ ಹೊತ್ತ ಹರಕೆ ಅದು. "ಒಬ್ಬಳೇ ಹೋಗಕ್ಕೆ ಬೇಜಾರು ಕಣೇ, ನೀನು ಬಾ. ಎರಡು ವಾರ ತಾನೆ? ಸ್ಕೂಲಲ್ಲಿ ಮಾತಾಡಿ ಮುಗಿಯದೇ ಇದ್ದದ್ದೆಲ್ಲ ಮಾತಾಡೋಣ," ಎಂದು ಫೋನಿನಲ್ಲಿ ಕರೆದಳು.

ಮನೆಯಲ್ಲಿ ಒಪ್ಪಿದ್ದು ಅವಳಿದ್ದಾಳೆ ಎಂಬ ಒಂದೇ ಕಾರಣಕ್ಕೆ. ದಾರಿಯ ವಿಷಯದಲ್ಲಿ ನನಗೆ ಒಳ್ಳೆಯ ಹೆಸರಿರಲಿಲ್ಲ. ಚೆನ್ನೈಗೆ ಬಂದ ಹೊಸತರಲ್ಲಿ ತ್ರಿಪ್ಲಿಕೇನ್‌ನ ದೇವಸ್ಥಾನಕ್ಕೆ ಹೋಗಿ ಮರಳುವಾಗ ಬೋರ್ಡು ಓದಲು ಬಾರದೆ ಬೇರೆ ಬಸ್ಸು ಹತ್ತಿದ್ದೆ. ಮೊದಲು ನಾವಿದ್ದ ಹಾಸನದ ಕಡೆ ಬಸ್ಸಿನ ಮೇಲೆ ಊರಿನ ಹೆಸರು ನನ್ನ ಅಕ್ಷರದಲ್ಲಿ ಇರುತ್ತಿತ್ತು. ಇಲ್ಲಿ ಜಿಲೇಬಿ ಸುತ್ತಿದ ಹಾಗೆ ಏನೋ. ಬಸ್ಸು ಖಾಲಿಯಾಗುತ್ತ ಹೋಗಿ ಪೆರಂಬೂರಿನಲ್ಲಿ ನಿಂತಿತು. ರೈಲ್ವೆ ವರ್ಕ್‌ಶಾಪಿನ ಉದ್ದ ಗೋಡೆಯ ಪಕ್ಕ ಒಂದು ಎಸ್‌ಟಿಡಿ ಬೂತಿನಿಂದ ಇವರಿಗೆ ಫೋನು ಮಾಡಿ ಅತ್ತಿದ್ದೆ. ಅಂದಿನಿಂದ ಮನೆಗೆ ಯಾರೇ ನೆಂಟರು ಬರಲಿ, ಎರಡನೇ ಲೋಟ ಕಾಫಿಗೆ ಪೆರಂಬೂರಿನ ಕಥೆ ಗ್ಯಾರಂಟಿ.

ಇನ್ನೊಂದು ಕಥೆ ಅವರಿಗೆ ಗೊತ್ತಿಲ್ಲ. ಒಂದು ದಿನ ಆಟೋದವನಿಗೆ ಮನೆ ತೋರಿಸುವ ಗಾಬರಿಯಲ್ಲಿ ಕನ್ನಡವೇ ಬಾಯಿಗೆ ಬಂದು, ಕೈಚಾಚಿ "ಅಲ್ಲಿ, ಅಲ್ಲಿ!" ಎಂದುಬಿಟ್ಟೆ. ಅವನು ಬ್ರೇಕು ಹಾಕಿ ತಿರುಗಿ ನೋಡಿ, "ಅಲ್ಲಿ ಯಾರುಮ್ಮಾ? ಉಂಗ ಪೊಣ್ಣಾ?" ಎಂದು ಕೇಳಿದ. ಅಲ್ಲಿ ಎಂಬುದು ತಮಿಳಿನಲ್ಲಿ ಹುಡುಗಿಯರ ಹೆಸರಂತೆ, ಯಾವುದೋ ಹೂವಿನದು. ಅಲ್ಲಿ ಅಂದರೆ ನಿಮ್ಮ ಮಗಳಾ ಎಂದು ಅವನ ಪ್ರಶ್ನೆ. ನಾನು ಮಗಳನ್ನು ಕಳೆದುಕೊಂಡು ಕೂಗುತ್ತಿದ್ದೇನೆಂದು ತಿಳಿದು ಅವನೂ ಎರಡು ಸಲ "ಅಲ್ಲೀ!" ಎಂದು ಬೀದಿಗೆ ಕೇಳುವಂತೆ ಕೂಗಿದ. ಒಳ್ಳೆಯವನು. ನಾನು ಮಾತ್ರ ಆಮೇಲೆ ಬೀದಿಯಲ್ಲಿ ಆ ಪದ ಆಡಲಿಲ್ಲ. ಬೆರಳು ತೋರಿಸಿ ಸುಮ್ಮನಿರುವುದನ್ನು ಕಲಿತೆ.

ಹೀಗಿದ್ದವಳು, ನಡಿಗೆಯ ಮೂರನೇ ದಿನ ಸ್ಪೇನಿನ ಒಂದು ಹಳ್ಳಿಯಲ್ಲಿ ಒಬ್ಬಳೇ ಉಳಿದೆ.

ಗೆಳತಿ ಕಲ್ಲಿನ ಇಳಿಜಾರಿನಲ್ಲಿ ಜಾರಿದಳು. ಕಣಕಾಲು ಕುಂಬಳಕಾಯಿಯಾಯಿತು. ಊರಿನ ಡಾಕ್ಟರು ಪಟ್ಟಿ ಸುತ್ತಿ, ನಡೆಯುವ ಮಾತೇ ಇಲ್ಲವೆಂದು ಕೈಯಾಡಿಸಿದ. ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಅವಳು ಅಳುತ್ತಿದ್ದಳು, ನೋವಿಗಲ್ಲ. "ಅಮ್ಮನ ಹರಕೆ ಕಣೇ." ನಾನು ಏನೂ ಯೋಚಿಸದೆ, "ನಾನು ಮುಗಿಸ್ತೀನಿ," ಎಂದೆ. ಕಾನ್ವೆಂಟಿನಲ್ಲಿ ಅವಳ ಮ್ಯಾಪ್ ಡ್ರಾಯಿಂಗನ್ನು ನಾನು ಮುಗಿಸಿಕೊಡುತ್ತಿದ್ದೆನಲ್ಲ, ಅದೇ ದನಿಯಲ್ಲಿ. ಬಸ್ಸಿನ ಕಿಟಕಿಯಿಂದ ಅವಳು ತನ್ನ ಮಾತಿನ ಪುಸ್ತಕವನ್ನು ನನ್ನ ಕೈಗಿಟ್ಟಳು. ದಾರಿ ಎಲ್ಲಿ, ನೀರು ಎಲ್ಲಿ, ಮಾಂಸ ಬೇಡ, ಎಲ್ಲ ಅದರಲ್ಲಿದೆ ಎಂದಳು. ಬಸ್ಸು ಹೋದ ಮೇಲೆ ತೆರೆದು ನೋಡಿದೆ. ಒಂದು ಬದಿ ಸ್ಪ್ಯಾನಿಷ್, ಇನ್ನೊಂದು ಬದಿ ಜರ್ಮನ್. ನನಗೆ ಎರಡೂ ಜಿಲೇಬಿಯೇ.

ಆ ಸಂಜೆ ಬೂತಿನಿಂದ ಮನೆಗೆ ಫೋನು ಮಾಡಿದೆ. ಇವರ ಮೊದಲ ಪ್ರಶ್ನೆ, "ಅವಳು ಜೊತೇಲಿದಾಳಲ್ಲ?"

"ಹ್ಞೂಂ, ಇದಾಳೆ. ಸ್ನಾನಕ್ಕೆ ಹೋಗಿದಾಳೆ."

ಅಷ್ಟೇ. ನಿಜ ಹೇಳಿದರೆ ನಾಳೆಯೇ ವಾಪಸು ಬಾ ಎನ್ನುತ್ತಾರೆಂದು ಹೇಳಿದ ಸುಳ್ಳು. ಆಮೇಲಿನ ಹನ್ನೊಂದು ದಿನಗಳಲ್ಲಿ ಅವಳು ನಾಲ್ಕು ಸಲ ಸ್ನಾನಕ್ಕೆ ಹೋದಳು, ಒಮ್ಮೆ ನಿದ್ದೆಮಾಡಿದಳು.

ಊರಿಗೆ ಬಂದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಏರ್‌ಪೋರ್ಟಿನಲ್ಲಿ ಹೇಳಲಾಗಲಿಲ್ಲ. ಮರುದಿನ ಹೇಳಲಾಗಲಿಲ್ಲ. ಹೇಳಿದರೆ ಸುಳ್ಳುಗಾತಿಯಾಗುತ್ತಿದ್ದೆ. ಹೇಳದಿದ್ದರೆ ಆ ಹನ್ನೊಂದು ದಿನ ನನ್ನದಾಗುವುದಿಲ್ಲ; ಅವಳು ಕೈಹಿಡಿದು ನಡೆಸಿಕೊಂಡು ಬಂದದ್ದಾಗುತ್ತದೆ. ಒಂದು ತಿಂಗಳಾಗುತ್ತ ಬಂದಿತ್ತು. ಈಗ ನನಗೆ ಒಂದೇ ದಾರಿ ಕಾಣುತ್ತಿತ್ತು. ಫೋಟೋ ಬರಲಿ. ಅವರೇ ನೋಡಿ, "ಇದೇನೇ, ಅವಳೆಲ್ಲಿ?" ಎಂದು ಕೇಳಲಿ. ಕೇಳಿದರೆ ಹೇಳಿಬಿಡುತ್ತೇನೆ.

ಹನ್ನೊಂದು ಗಂಟೆಗೆ ಸ್ಟುಡಿಯೋಗೆ ಹೋದೆ. ಹುಡುಕುವಂಥದ್ದೇನಲ್ಲ, ಮೇನ್ ರೋಡಿನ ಆಚೆ ಬದಿ, ಬಳೆ ಅಂಗಡಿಯ ಪಕ್ಕ. ರೋಡು ದಾಟುವುದೇ ಕಷ್ಟ. ನಾಲ್ಕು ಹೆಂಗಸರು ಕೂಡುವವರೆಗೆ ಕಾದು ಅವರ ಮಧ್ಯೆ ಸೇರಿ ದಾಟಿದೆ. ಅಂಗಡಿಯವನು ಎರಡು ಕವರ್ ಕೊಟ್ಟು, "ನಲ್ಲ ವೆಯಿಲ್ ಮೇಡಂ, ನಲ್ಲಾ ವಂದಿರುಕ್ಕು," ಎಂದ. ಬಿಸಿಲು ಚೆನ್ನಾಗಿತ್ತು, ಚೆನ್ನಾಗಿ ಬಂದಿವೆ ಎಂದು. ಅಲ್ಲೇ ತೆಗೆದು ನೋಡುವ ಧೈರ್ಯವಾಗದೆ ಎದೆಗವಚಿಕೊಂಡು ಬಂದೆ.

ಊಟದ ಮೇಜಿನ ಮೇಲೆ ಒಂದೊಂದಾಗಿ ಹರಡಿದೆ. ಮೊದಲ ಏಳರಲ್ಲಿ ಗೆಳತಿ ಇದ್ದಳು: ಬೆನ್ನಿಗೆ ಚೀಲ, ತಲೆಗೆ ಟೋಪಿ, ಒಂದರಲ್ಲಿ ನಾಲಿಗೆ ಚಾಚಿದ್ದಾಳೆ. ಎಂಟನೆಯದರಿಂದ ಆಚೆ ಅವಳಿಲ್ಲ. ನಾನೂ ಇಲ್ಲ. ದಾರಿ, ಬೇಲಿ, ಹಸು, ಕಲ್ಲಿನ ಮೇಲೆ ಬಳಿದ ಹಳದಿ ಬಾಣ, ಮತ್ತೆ ದಾರಿ. ಅಪರಿಚಿತರನ್ನು ನಿಲ್ಲಿಸಿ ನನ್ನದೊಂದು ಫೋಟೋ ತೆಗೆಯಿರಿ ಎನ್ನಲು ನನಗೆ ಮಾತಿರಲಿಲ್ಲ, ಸಂಕೋಚವೂ ಇತ್ತು. ನಡುಮನೆಯ ಹೆಂಗಸರು ಫೋಟೋಕ್ಕೆ ಕೇಳಿ ನಿಲ್ಲುವುದುಂಟೆ?

ಅನ್ನಕ್ಕಿಟ್ಟು ಮತ್ತೆ ಬಂದು ಕೂತೆ. ಫ್ಯಾನಿನ ಗಾಳಿಗೆ ಫೋಟೋಗಳ ಮೂಲೆ ಏಳುತ್ತಿತ್ತು. ಉಪ್ಪಿನ ಡಬ್ಬಿ, ಚಮಚ, ಸಿಕ್ಕಿದ್ದನ್ನು ಹೇರಿದೆ.

ಆ ದಾರಿಯುದ್ದಕ್ಕೂ ಹಳದಿ ಬಾಣಗಳಿವೆ. ಗೋಡೆಯ ಮೇಲೆ, ಬಂಡೆಯ ಮೇಲೆ, ಮರದ ಕಾಂಡದ ಮೇಲೆ, ಕೆಲವೆಡೆ ಡಾಂಬರಿನ ಮೇಲೆಯೇ. ಅಕ್ಷರವಿಲ್ಲ, ಓದು ಬೇಕಾಗಿಲ್ಲ. ಬಾಣ ಕಂಡಷ್ಟು ಹೊತ್ತು ನಾನು ಯಾರಿಗೂ ಕಡಿಮೆಯಲ್ಲ. ಬಾಣ ಕಾಣದಾಗ ನನ್ನದೇ ಒಂದು ಉಪಾಯ ಮಾಡಿಕೊಂಡಿದ್ದೆ. ಆ ಯಾತ್ರೆ ಮೊದಲಿಂದ ಕೊನೆಯವರೆಗೆ ಪಶ್ಚಿಮಕ್ಕೆ. ಬೆಳಿಗ್ಗೆ ಹೊರಟರೆ ಸೂರ್ಯ ಬೆನ್ನಿಗೆ. ಹಾಗಾಗಿ ನೆರಳು ಮುಂದೆ ಬಿದ್ದಿದ್ದರೆ ದಾರಿ ಸರಿ, ಪಕ್ಕಕ್ಕೆ ಬಿದ್ದರೆ ಅನುಮಾನ, ಹಿಂದೆ ಬಿದ್ದರೆ ತಿರುಗು. ಉದ್ದ ಕಾಲಿನ, ಬೆನ್ನ ಮೇಲೆ ಗೂನಿನಂಥ ಚೀಲ ಹೊತ್ತ ಆ ನೆರಳಿನ ಹಿಂದೆ ಹಿಂದೆಯೇ ಹೋಗುತ್ತಿದ್ದೆ. ಮೂರು ನಾಲ್ಕು ದಿನವಾಗುವಷ್ಟರಲ್ಲಿ ಅದರ ಜೊತೆ ಮಾತಾಡತೊಡಗಿದೆ. "ನಿಧಾನ ಹೋಗೇ ಮಾರಾಯ್ತಿ," ಎನ್ನುವುದು. "ಇವತ್ತು ಮೊಸರನ್ನ ಮಾಡೋಣ," ಎನ್ನುವುದು. ಬೇರೆ ಯಾರ ಜೊತೆ ಮಾತಾಡಲಿ? ರಾತ್ರಿ ಛತ್ರಗಳಲ್ಲಿ ಮೂವತ್ತು ಜನ ಮಲಗುತ್ತಿದ್ದರು. ಫ್ರೆಂಚರು ಫ್ರೆಂಚರೊಡನೆ, ಜರ್ಮನರು ಜರ್ಮನರೊಡನೆ. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಜನ ನಕ್ಕು ತಲೆಯಾಡಿಸಿ ತಮ್ಮ ಸೂಪಿಗೆ ಮರಳುತ್ತಿದ್ದರು. ಅಷ್ಟು ಜನರ ಗೊರಕೆಯ ಮಧ್ಯೆ ಕಣ್ಣುಬಿಟ್ಟು ಮಲಗಿ, ಮನೆಯಲ್ಲಿ ಈಗ ಲಾರಿ ಬಂದಿರಬಹುದೇ, ಮಾಮಿಯ ಕೊಡ ಯಾರು ಹೊತ್ತರು ಎಂದು ಯೋಚಿಸುತ್ತಿದ್ದೆ.

ಊಟವೇ ಇನ್ನೊಂದು ಪೇಚು. ಒಂದು ಛತ್ರದ ಮುದುಕ ದೊಡ್ಡ ರಿಜಿಸ್ಟರ್ ತೆರೆದು, ಬೆರಳಿಟ್ಟು "ಅಕೀ, ಅಕೀ" ಎಂದ. ಎರಡು ದಿನದಿಂದ ಬ್ರೆಡ್ಡು ಟೊಮೆಟೊ ತಿಂದಿದ್ದ ನನ್ನ ಕಿವಿಗೆ ಅಕ್ಕಿ ಎಂದೇ ಬಿತ್ತು. ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಗಿ, ಕೈಯನ್ನು ಬಾಯಿಗೊಯ್ದು, ಬೇಕು ಬೇಕು ಎಂದು ತೋರಿಸಿದೆ. ಅವನು ರಿಜಿಸ್ಟರನ್ನೂ ನನ್ನನ್ನೂ ನೋಡಿ, ಒಳಗೆ ಹೋಗಿ ತನ್ನ ಊಟದ ಅರ್ಧ ಬ್ರೆಡ್ಡು ತಂದುಕೊಟ್ಟ. ತಿಂದಾದ ಮೇಲೆ ಮತ್ತೆ ಬೆರಳಿಟ್ಟು "ಅಕೀ" ಎಂದ. ಇಲ್ಲಿ ಸಹಿ ಹಾಕು ಎಂದು ಅದರರ್ಥ.

ಒಂಬತ್ತನೆಯದೋ ಹತ್ತನೆಯದೋ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಹೊರಗೆ ಏನೂ ಇರಲಿಲ್ಲ, ಬರೀ ಬಿಳುಪು. ಆ ಸೀಮೆಯ ಮಂಜು ಹಾಗೆ, ಮುಂದೆ ಹೋಗುವವನ ಚೀಲವೂ ಕಾಣದು. ಸೂರ್ಯನಿಲ್ಲ, ನೆರಳೂ ಇಲ್ಲ. ಜೊತೆಯವಳು ಕೈಕೊಟ್ಟಂತಾಯಿತು. ಬಾಣ ನೋಡಿಕೊಂಡು ನಡೆದೆ. ಒಂದು ಕಡೆ ನೀಲಗಿರಿ ತೋಪು. ಮರ ಕಡಿದು ದಾರಿಯ ಪಕ್ಕ ದಿಮ್ಮಿಗಳನ್ನು ಪೇರಿಸಿದ್ದರು. ನನಗೆ ಪರಿಚಯದ ವಾಸನೆ. ಚಿಕ್ಕಂದಿನಲ್ಲಿ ಶೀತವಾದರೆ ಅಮ್ಮ ಬಿಸಿನೀರಿಗೆ ಹಾಕುತ್ತಿದ್ದ ಎಲೆ. ಮೂಸುತ್ತ ನಿಂತವಳಿಗೆ ದಿಮ್ಮಿಯೊಂದರ ಮೇಲೆ ಹಳದಿ ಬಾಣ ಕಂಡಿತು, ಬಲಕ್ಕೆ ತಿರುಗೆಂದು. ತಿರುಗಿದೆ.

ನಿಂತ ಮರದ ಮೇಲೆ ಬರೆದ ಬಾಣ, ಮರ ಬಿದ್ದ ಮೇಲೆ ಎತ್ತ ತೋರಿಸುತ್ತದೆ ಎಂದು ನಾನು ಯೋಚಿಸಲೇ ಇಲ್ಲ.

ಅರ್ಧ ಮುಕ್ಕಾಲು ಗಂಟೆ ನಡೆದೆ. ಇನ್ನೊಂದು ಬಾಣ ಸಿಗಲಿಲ್ಲ. ಕೊನೆಗೆ ನಾಲ್ಕು ಮನೆಯ ಹಳ್ಳಿ, ಕಂಬದ ಮೇಲೆ ನಿಲ್ಲಿಸಿದ ಕಲ್ಲಿನ ಕಣಜ, ಬೊಗಳುವ ನಾಯಿ. ದಾರಿ ಅಲ್ಲಿಗೆ ಮುಗಿದಿತ್ತು. ಪೆರಂಬೂರಿನ ಗೋಡೆ ನೆನಪಾಯಿತು. ಆದರೆ ಇಲ್ಲಿ ಬೂತಿಲ್ಲ, ಬಂದು ಕರೆದೊಯ್ಯುವವರಿಲ್ಲ, ನಾನು ಇಲ್ಲಿದ್ದೇನೆಂದು ಭೂಮಿಯ ಮೇಲೆ ಒಬ್ಬರಿಗೂ ತಿಳಿಯದು. ದಾರಿ ತಪ್ಪಿದರೆ ಅಲ್ಲೇ ನಿಂತು ಒಬ್ಬ ಹೆಂಗಸನ್ನು ಕೇಳಬೇಕೆಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ನಿಂತೆ. ಮಂಜಿನೊಳಗಿಂದ ಒಂದು ಹಸು ಬಂತು, ಅದರ ಹಿಂದೆ ಕಪ್ಪು ಉಡುಪಿನ, ರಬ್ಬರ್ ಬೂಟಿನ ಅಜ್ಜಿ.

ಇಂಗ್ಲಿಷಿನಲ್ಲಿ ಕೇಳಿದೆ. ನಿಧಾನವಾಗಿ, ಕಾನ್ವೆಂಟಿನ ಉಚ್ಚಾರದಲ್ಲಿ ಇನ್ನೊಮ್ಮೆ ಕೇಳಿದೆ. ಅಜ್ಜಿ ತನ್ನ ಮಾತಿನಲ್ಲಿ ಏನೋ ಕೇಳಿದಳು. ಪುಸ್ತಕ ತೆಗೆದು ಅಂದಾಜಿನಲ್ಲಿ ಒಂದು ಸಾಲು ತೋರಿಸಿದೆ. ಕನ್ನಡಕವಿಲ್ಲವೆಂದು ಕಣ್ಣು ಮುಟ್ಟಿ ತೋರಿಸಿದಳು. ಆ ಸಾಲು ಏನಿತ್ತೋ ದೇವರೇ ಬಲ್ಲ. ಕಣಜದ ಕಟ್ಟೆಯ ಮೇಲೆ ಕೂತುಬಿಟ್ಟೆ. ಯಾರಿಗೂ ಅಲ್ಲದೆ, ನನಗೇ ಎಂಬಂತೆ ಬಾಯಿಂದ ಹೊರಟಿತು: "ಅಯ್ಯೋ ಶಿವನೇ, ಎಲ್ಲಿಗೆ ಹೋಗ್ಲಿ ನಾನು? ಅಲ್ಲಿ? ಅಲ್ಲಿ?" ಎಂದು ಎರಡೂ ಕಡೆ ಕೈ ಬೀಸಿದೆ.

ಅಜ್ಜಿಯ ಮುಖ ಅರಳಿತು. ಕೋಲೆತ್ತಿ ನಾನು ಬಂದ ದಾರಿಯನ್ನೇ ತೋರಿಸಿ, "ಅಲೀ! ಅಲೀ!" ಎಂದಳು.

ನಾನು ಎದ್ದು ನಿಂತೆ. "ಅಲ್ಲಿ?"

"ಅಲೀ," ಎಂದು ತಲೆಯಾಡಿಸಿದಳು, ಮಂದಮತಿಯ ಮಗುವಿಗೆ ಹೇಳುವಂತೆ.

ಆಮೇಲೆ ಇಂಗ್ಲಿಷ್ ಬಲ್ಲ ಯಾತ್ರಿಕರೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಆ ಸೀಮೆಯ ಮಾತಿನಲ್ಲಿ 'ಅಲಿ' ಎಂದರೆ ಅಲ್ಲಿ ಎಂದೇ ಅರ್ಥ. ಆದರೆ ಆ ಹೊತ್ತಿಗೆ ನನಗೆ ಖಾತ್ರಿ ಬೇಕಿರಲಿಲ್ಲ. ಮೂರು ವರ್ಷದಿಂದ ಬೀದಿಯಲ್ಲಿ ನುಂಗಿಕೊಂಡಿದ್ದ ಒಂದು ಪದಕ್ಕೆ ಮಂಜಿನೊಳಗಿಂದ ಯಾರೋ ಓಗೊಟ್ಟಿದ್ದರು.

ಅಜ್ಜಿ ಹಸುವನ್ನು ಬೇಲಿಗೆ ಕಟ್ಟಿ ನನ್ನ ಜೊತೆ ಹೊರಟಳು. ಅರ್ಧ ಗಂಟೆ ನಡೆದೆವು. ಅವಳು ತನ್ನ ಮಾತಿನಲ್ಲಿ, ನಾನು ಹಾಸನದ ಕನ್ನಡದಲ್ಲಿ. ನಾನು ಮಗಳ ವಿಷಯ ಹೇಳಿದೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆಂದು. ಪೆರಂಬೂರಿನ ಕಥೆ ಹೇಳಿದೆ, ಅವಳು ಸರಿಯಾದ ಜಾಗದಲ್ಲೇ ನಕ್ಕಳು. ಫೋನಿನ ಸುಳ್ಳನ್ನೂ ಹೇಳಿದೆ. ಅದಕ್ಕೆ ಅವಳು ಏನೋ ದೊಡ್ಡದಾಗಿ ಹೇಳಿ ಕೈಯನ್ನು ಗಾಳಿಯಲ್ಲಿ ಒರೆಸಿದಳು. ಬಿಡು, ಅದೇನು ಮಹಾ ಎಂದಿರಬಹುದು. ನೀಲಗಿರಿ ದಿಮ್ಮಿಗಳ ಹತ್ತಿರ ಬಂದಾಗ ಆ ಬಾಣವನ್ನು ನೋಡಿ ನಾಲಿಗೆ ಲೊಚಗುಟ್ಟಿ, ನೆಲದಿಂದ ಒಂದು ಹಿಡಿ ಕೆಸರು ತೆಗೆದು ಅದರ ಮೇಲೆ ಮೆತ್ತಿದಳು. ನೇರ ಹೋಗುವ ದಾರಿಗೆ ಕೋಲು ಚಾಚಿ, "ಅಲೀ" ಎಂದಳು. ಕೆನ್ನೆಗೆ ಕೆನ್ನೆ ತಾಗಿಸಿ ಹಿಂತಿರುಗಿದಳು. ಎರಡು ಹೆಜ್ಜೆಗೆ ಮಂಜಿನಲ್ಲಿ ಕರಗಿಹೋದಳು.

ಆ ನಡಿಗೆಯಲ್ಲಿ ನಾನು ನಿಜವಾಗಿ ಒಬ್ಬಂಟಿಯಾದದ್ದು ಅವಳು ಹೋದ ಮೇಲೆ. ಅದಕ್ಕೆ ಮೊದಲು ನಾನು ಬರೀ ಮಾತು ಬಾರದವಳಾಗಿದ್ದೆ.

ಸಾಂತಿಯಾಗೋ ತಲುಪಿದ ದಿನ ಚೌಕದಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ನಾನು ಇಗರ್ಜಿಯೊಳಗೆ ಹೋಗಿ ಗೆಳತಿಯ ತಾಯಿಯ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಿದೆ, ಅಭ್ಯಾಸಬಲದಿಂದ ಮೂರು ಸುತ್ತು ಬರಲು ನೋಡಿದೆ, ಕಾವಲಿನವನು ತಡೆದ. ಹೊರಗೆ ಬಂದು ಕಲ್ಲುಹಾಸಿನ ಮೇಲೆ ಶೂ ಬಿಚ್ಚಿ ಕೂತೆ. ತಬ್ಬಿಕೊಳ್ಳಲು ಚೀಲವಿತ್ತು. ಮನೆಗೆ ಫೋನು ಮಾಡಿದಾಗ ಇವರು, "ಭಲೇ! ಅವಳಿಗೂ ಹೇಳು ಕಂಗ್ರಾಜುಲೇಷನ್ಸ್ ಅಂತ," ಎಂದರು. ಹೇಳ್ತೀನಿ ಎಂದೆ.

ಕುಕ್ಕರ್ ಕೂಗಿತು. ಫೋಟೋಗಳನ್ನು ನೋಡುತ್ತ ಕೂತೇ ಮಧ್ಯಾಹ್ನ ಕಳೆಯಿತು. ಎಂಟನೆಯದರಿಂದ ಮುಂದಿನವನ್ನು ಬಚ್ಚಿಡಲೇ ಎಂದು ಒಮ್ಮೆ ಅನ್ನಿಸಿತು. ಇಲ್ಲ, ತೆಗೆದ ಕ್ರಮದಲ್ಲೇ ಜೋಡಿಸಿ ಮೇಜಿನ ಮೇಲೆ ಬಿಟ್ಟೆ. ನಾಲ್ಕೂವರೆಗೆ ಮಗಳು ಬಂದಳು. ನಿಂತೇ ತಿರುವಿದಳು. "ಸೋ ಮೆನಿ ಕೌಸ್, ಮಾ! ಅಂದ ಆಂಟಿ ಈಸ್ ಫನ್ನಿ," ಎಂದಳು, ನಾಲಿಗೆ ಚಾಚಿದ ಫೋಟೋ ಎತ್ತಿ. ಆ ಆಂಟಿ ತಮಾಷೆ ಎಂದು. ಮಿಕ್ಕಿದ್ದನ್ನು ಇಸ್ಪೀಟೆಲೆಯಂತೆ ಕೂಡಿಸಿಟ್ಟು ಟ್ಯೂಷನ್ನಿಗೆ ಹೋದಳು.

ಆರೂವರೆಗೆ ಇವರು ಬಂದರು. ಕಾಫಿ ಕೊಟ್ಟು ಎದುರಿಗೇ ಕೂತೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಏಳಾಯಿತು. ಎಂಟನೆಯದನ್ನು ತಿರುವಿದರು.

"ರೋಡು ಎಷ್ಟು ನೀಟಾಗಿ ಇಟ್ಕೊಂಡಿದಾರೆ ನೋಡೇ," ಎಂದರು.

ಹದಿನೈದು. ಇಪ್ಪತ್ತು.

"ರೀ," ಎಂದೆ. "ಅವಳು..."

"ಹ್ಞಾಂ, ಅದೇ ಹೇಳೋಣ ಅಂದೆ. ನಿನ್ನ ಫ್ರೆಂಡ್ ಕೈ ಚೆನ್ನಾಗಿದೆ. ಫೋಟೋ ತೆಗೆಯೋರಿಗೆ ಇದೇ ಕರ್ಮ ನೋಡು, ಅವರು ಮಾತ್ರ ಫೋಟೋದಲ್ಲಿ ಬರೋದೇ ಇಲ್ಲ." ನಕ್ಕು ಕಾಫಿಯ ಕೊನೆಯ ಗುಟುಕು ಕುಡಿದರು. "ಪೆರಂಬೂರಿಗೆ ಹೋದವಳನ್ನ ಅಲ್ಲೀವರೆಗೆ ಕರಕೊಂಡು ಹೋಗಿ ಜೋಪಾನವಾಗಿ ವಾಪಸ್ ಕಳಿಸಿದಳಲ್ಲ, ಪುಣ್ಯಾತ್ಗಿತ್ತಿ. ಅವಳಿಗೊಂದು ಸೀರೆ ಕಳಿಸು."

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಟೀವಿಯಲ್ಲಿ ವಾರ್ತೆ ಶುರುವಾಯಿತು. ಲೋಟ ತೊಳೆದೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ, ನೀರಿನ ಬರದ ದಿನಗಳೆಂಬುದನ್ನು ಮರೆತು.

ಬಾಗಿಲಲ್ಲಿ ಮಾಮಿ ಪುಟ್ಟ ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದರು. "ಏನ್ಮಾ, ಉರೆ ಮೋರು ಕೊಂಚ ಇದ್ದರೆ ಕೊಡು. ನಮ್ಮನೇಲಿ ತಯಿರು ಒರೇ ಪುಳಿಪ್ಪು." ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ, ಅವರ ಮನೆಯ ಮೊಸರು ಹುಳಿಯಾಗಿತ್ತು. ನಾನಿಲ್ಲದ ಎರಡು ವಾರವೂ ಇವರಿಗೆ, ಮಗಳಿಗೆ ಸಾರು ಕಳಿಸಿದ ಕೈ ಅದು. ಕೂರಿ ಎಂದೆ. ಮಂಡಿ ಹಿಡಿದುಕೊಂಡು ಮೇಜಿನ ಮುಂದೆ ಕೂತರು. ನಾನು ಫ್ರಿಜ್ಜಿನಿಂದ ಮಜ್ಜಿಗೆ ತೆಗೆಯುವಾಗ ಹಿಂದೆ ಫೋಟೋಗಳ ಸರಸರ ಸದ್ದು.

"ಇದೆಲ್ಲಾ ನೀನು ನಡೆದ ದಾರಿಯಾ?"

"ಹೌದು ಮಾಮಿ."

ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ಮೊದಲಿನಿಂದ ತಿರುವಿದರು. ನಾನು ಬಟ್ಟಲನ್ನು ಅವರ ಮುಂದಿಟ್ಟೆ.

"ಆಮೇಲಿನ ಪಟದಲ್ಲೆಲ್ಲಾ ನೆಳಲು ಒಂದೇ ಬಿದ್ದಿದೆಯಲ್ಲಮ್ಮಾ," ಎಂದರು ಮಾಮಿ, ಬಟ್ಟಲು ಎತ್ತಿಕೊಂಡು ಏಳುತ್ತ. "ಅಷ್ಟು ದೂರ ಒಬ್ಬಳೇ ನಡೆದಿಯಾ, ಪಾವಂ. ಸರಿ, ಬರ್ತೇನೆ, ಹಾಲು ಆರಿಹೋಗತ್ತೆ."